ಹಳ್ಳಿ ಹೊಡೆಯುವ ದನಿ

‘ವಾಯ್ಸ್ ಚೆನ್ನಾಗಿದೆ, ಆದ್ರೆ ಸ್ವಲ್ಪ ಹಳ್ಳಿ ಹೊಡೀತಿದೆ. ಕಾಮಿಡಿ ಪಾತ್ರ ಏನಾದ್ರೂ ಬಂದ್ರೆ ಫೋನ್ ಮಾಡ್ತೀವಿ.’

ಬೆಂಗಳೂರಿನ ಒಂದು ಡಬ್ಬಿಂಗ್ ಸ್ಟುಡಿಯೊದಲ್ಲಿ ನನ್ನ ಚಿಕ್ಕಪ್ಪನ ಮಗಳಿಗೆ ಸಿಕ್ಕ ಉತ್ತರವಿದು. ಉಡಿಗಾಲದಿಂದ ಮೊದಲ ಬಸ್ಸಿಗೆ ಹೊರಟವಳು ರಾತ್ರಿ ಮನೆಗೆ ಬಂದು ಯಾರ ಹತ್ತಿರವೂ ಮಾತಾಡಲಿಲ್ಲ. ಫೋನ್ ಮಾತ್ರ ಇವತ್ತಿಗೂ ಬಂದಿಲ್ಲ.

ಕಂಠದಾನ ಕಲಾವಿದರಾಗಬೇಕು ಅನ್ನುವ ಹುಡುಗ ಹುಡುಗಿಯರಿಗೆ ಈಗ ಎಲ್ಲರೂ ಕೊಡುವ ಸಲಹೆ ಒಂದೇ: ನಿನ್ನದೇ ಚಾನೆಲ್ ಶುರು ಮಾಡು, ವಾರಕ್ಕೆರಡು ವಿಡಿಯೊ ಹಾಕು, ಅವಕಾಶ ಹುಡುಕಿಕೊಂಡು ಬರುತ್ತದೆ. ನನ್ನ ತಂಗಿ ಇದನ್ನು ಒಂದೂವರೆ ವರ್ಷ ಚಾಚೂ ತಪ್ಪದೆ ಪಾಲಿಸಿದಳು. ಬೀದಿಯ ಗದ್ದಲ ಅಡಗಿದ ಮೇಲೆ ಫ್ಯಾನ್ ಆರಿಸಿ, ಕಂಬಳಿ ಹೊದ್ದು ಅದರೊಳಗೇ ರೆಕಾರ್ಡ್ ಮಾಡುತ್ತಿದ್ದಳು. ‘ಪ’, ‘ಬ’ ಅಂದಾಗ ಉಸಿರು ಮೈಕಿಗೆ ಬಡಿಯದಂತೆ ಫೋನನ್ನು ಬಾಯಿಯ ಪಕ್ಕಕ್ಕೆ ಹಿಡಿಯುವುದನ್ನು ತಾನೇ ಕಂಡುಕೊಂಡಳು. ಸಿನಿಮಾ ದೃಶ್ಯಗಳ ಸದ್ದು ತೆಗೆದು, ತುಟಿ ನೋಡಿ ಮಾತು ಕೂರಿಸುವುದನ್ನೂ ಕಲಿತಳು.

ಅದರ ಜೊತೆಗೆ ಇನ್ನೊಂದನ್ನೂ ಕಲಿತಳು. ‘ಬತ್ತಿನಿ’ ‘ಬರ್ತೀನಿ’ ಆಯಿತು. ‘ಮನಗ’ ‘ಮನೆಗೆ’ ಆಯಿತು. ಬಿಟ್ಟುಹೋಗುತ್ತಿದ್ದ ‘ಹ’ಕಾರವನ್ನು ಹಿಡಿದು ತಂದು ಕೂರಿಸಿದಳು. ಒಂದು ದಿನ ಅವಳ ವಿಡಿಯೊ ಕೇಳಿಸಿದಾಗ ನಮ್ಮಜ್ಜಿ, ‘ಯಾರವ್ವ ಇದು? ಟಿವಿಯೋರಾ?’ ಅಂದರು. ತಂಗಿ ಅದನ್ನು ಹೊಗಳಿಕೆ ಅಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ.

ಈಗ ಹಾಗನ್ನಿಸುವುದಿಲ್ಲ. ಚಾನೆಲ್ ಮಾಡು ಅನ್ನುವುದು ಕೆಟ್ಟ ಸಲಹೆಯಲ್ಲ. ಆದರೆ ಚಾನೆಲ್ಲನ್ನು ಸ್ಟುಡಿಯೊಗೆ ಹಾಕುವ ಅರ್ಜಿಯಾಗಿ ನೋಡುವವರೆಗೆ ಅದು ನಮ್ಮ ಸೀಮೆಯವರಿಗೆ ಮೋಸವೇ. ಯಾರೂ ತಿದ್ದಲಾಗದ ಒಂದೇ ಒಂದು ಜಾಗ ನಮ್ಮ ಕೈಗೆ ಸಿಕ್ಕಿದೆ. ಅಲ್ಲೂ ನಮ್ಮನ್ನು ನಾವೇ ತಿದ್ದಿಕೊಂಡು ನಿಲ್ಲುತ್ತಿದ್ದೇವೆ.

ನಟನೆ ಕಲಿಯಲು ಹಿಂದೆ ನಾಟಕ ಕಂಪನಿಗಳಿದ್ದವು. ನಮ್ಮ ಗಡಿಗೆ ಅಂಟಿಕೊಂಡಿರುವ ಗಾಜನೂರಿನ ಮುತ್ತುರಾಜ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆಗುವ ಮೊದಲು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು. ಅವರ ಉಚ್ಚಾರಣೆಯನ್ನು ನಾಡೇ ಮಾದರಿಯಾಗಿ ಇಟ್ಟುಕೊಂಡಿತು. ಕಂಪನಿಯ ಬದುಕೂ ಸುಲಭವಿರಲಿಲ್ಲ, ಸರಿ. ಆದರೆ ಅಲ್ಲಿ ಹೊಟ್ಟೆಗೆ ಊಟವಿತ್ತು, ತಪ್ಪಿದಾಗ ಹೇಳಿಕೊಡುವ ಹಿರಿಯರಿದ್ದರು, ಎದುರಿಗೆ ಜನರಿದ್ದರು. ಇವತ್ತು ಹುಡುಗಿಯೊಬ್ಬಳು ಸಂಬಳವಿಲ್ಲದೆ, ಗುರುವಿಲ್ಲದೆ, ಸ್ವಂತ ಡೇಟಾ ಸುಟ್ಟು ತನ್ನನ್ನು ತಾನೇ ತಯಾರು ಮಾಡಿಕೊಂಡು ಬರಬೇಕು. ಉದ್ಯಮ ಕೂತಲ್ಲೇ ಕೂತು ಆರಿಸಿಕೊಳ್ಳುತ್ತದೆ. ಇದಕ್ಕೆ ‘ಬಾಗಿಲು ಎಲ್ಲರಿಗೂ ತೆರೆದಿದೆ’ ಎಂಬ ಹೆಸರು ಬೇರೆ.

ಕೆಲಸ ಇಲ್ಲವೆಂದಲ್ಲ. ಅರವತ್ತರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗ್‌ಗೆ ಕಟ್ಟಿದ್ದ ಬೇಲಿ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶದ ನಂತರ ಸಡಿಲವಾಯಿತು. 2020ರ ಕೊರೊನಾ ಕಾಲದಲ್ಲಿ ‘ಮಹಾಭಾರತ’ ಕನ್ನಡ ಮಾತಾಡಿತು. ಅದೇ ವರ್ಷ ಜೀ ಕನ್ನಡದಲ್ಲಿ ‘ಮಹಾನಾಯಕ’ ಶುರುವಾದಾಗ ರಾಜ್ಯದ ಊರೂರಲ್ಲಿ ಬ್ಯಾನರ್ ಕಟ್ಟಿದರು. ಬಾಬಾಸಾಹೇಬರು ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಟಿವಿ ಮುಂದೆ ಕಣ್ಣೊರೆಸಿಕೊಂಡವರನ್ನು ನಾನು ಕಂಡಿದ್ದೇನೆ. ನನ್ನ ತಂಗಿಗೆ ಈ ಆಸೆ ಹುಟ್ಟಿದ್ದೂ ಆಗಲೇ. ಆದರೆ ಆ ಕಂಠ ಯಾರದೆಂದು ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ದನಿ ಕೊಟ್ಟವರ ಹೆಸರು ಕೇಳುವ ಅಭ್ಯಾಸವೇ ನಮಗಿಲ್ಲ.

ಆದರೆ ಈ ಕಲೆ ನಮಗೆ ಹೊಸದಲ್ಲ. ಚಿಕ್ಕಲ್ಲೂರು ಜಾತ್ರೆಯಲ್ಲಿ ಒಂದು ರಾತ್ರಿ ಕೂತು ನೋಡಿ. ತಂಬೂರಿ ಹಿಡಿದ ಒಬ್ಬ ನೀಲಗಾರ ಮಂಟೇಸ್ವಾಮಿಯೂ ಆಗುತ್ತಾನೆ, ಸಿದ್ದಪ್ಪಾಜಿಯೂ ಆಗುತ್ತಾನೆ, ಸಿದ್ದಪ್ಪಾಜಿಗೆ ಕಬ್ಬಿಣದ ಭಿಕ್ಷೆ ಕೊಡದೆ ಸತಾಯಿಸುವ ಹಲಗೂರಿನ ಪಾಂಚಾಳರೂ ಆಗುತ್ತಾನೆ. ದೇವರ ದನಿ, ದರ್ಪದ ದನಿ, ನೋವಿನ ದನಿ ಎಲ್ಲವೂ ಒಂದೇ ಗಂಟಲಿನಿಂದ ಬರುತ್ತವೆ. ಎಲ್ಲವೂ ‘ಹಳ್ಳಿ ಹೊಡೆಯುವ’ ಕನ್ನಡದಲ್ಲೇ. ಅಲ್ಲಿ ಈ ಕನ್ನಡ ಕಾಮಿಡಿಯಲ್ಲ. ದೇವರೇ ಅದನ್ನು ಮಾತಾಡುತ್ತಾನೆ.

ಬರಹದಲ್ಲಿ ಈ ಜಗಳ ಎಂದೋ ಮುಗಿದಿದೆ. ದೇವನೂರ ಮಹಾದೇವರು 1984ರಲ್ಲಿ ‘ಕುಸುಮಬಾಲೆ’ಯನ್ನು ನಮ್ಮ ಸೀಮೆಯ ಮಾತಿನಲ್ಲೇ ಬರೆದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತರಗತಿಗಳಲ್ಲಿ ಅದನ್ನು ಪಾಠ ಮಾಡುತ್ತೇವೆ, ಸೆಮಿನಾರುಗಳಲ್ಲಿ ಕೊಂಡಾಡುತ್ತೇವೆ. ಅದೇ ಭಾಷೆ ಕಿವಿಗೆ ಬಿದ್ದರೆ ನಗುತ್ತೇವೆ. ಪುಟದ ಮೇಲೆ ಒಪ್ಪಿದ್ದನ್ನು ಬಾಯಲ್ಲಿ ಒಪ್ಪದವರು ನಾವು.

ಈ ‘ನಾವು’ ಅನ್ನುವುದರಲ್ಲಿ ನಾನೂ ಇದ್ದೇನೆ. ನನ್ನ ಪಿಎಚ್‌ಡಿ ಮೌಖಿಕ ಕಾವ್ಯಗಳ ಮೇಲೆ. ಕ್ಷೇತ್ರಕಾರ್ಯದ ರೆಕಾರ್ಡಿಂಗ್‌ಗಳನ್ನು ಬರೆದಿಳಿಸುವಾಗ ಗಾಯಕರು ಬಿಟ್ಟ ‘ಹ’ಕಾರಗಳನ್ನು ನಾನೇ ತುಂಬಿಸಿದ್ದೆ. ‘ಓದುಗರಿಗೆ ಅನುಕೂಲ’ ಎಂದು ಅಡಿಟಿಪ್ಪಣಿ ಹಾಕಿದ್ದೆ. ಸ್ಟುಡಿಯೊದವರು ತಂಗಿಗೆ ಹೇಳಿದ್ದನ್ನೇ ನಾನು ಆ ಗಾಯಕರಿಗೆ ಇನ್ನಷ್ಟು ಮರ್ಯಾದೆಯಿಂದ ಹೇಳಿದ್ದೆ, ಅಷ್ಟೆ.

ಬೀದರಿನವರಿಗೆ ಉಡಿಗಾಲದ ಮಾತು ಅರ್ಥವಾಗಬೇಕಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಲ್ಲ ಪಾತ್ರಗಳೂ ನಮ್ಮ ಕನ್ನಡವನ್ನೇ ಆಡಲಿ ಎಂದು ನಾನು ಕೇಳುತ್ತಿಲ್ಲ. ಪುಸ್ತಕದ ಕನ್ನಡವನ್ನು ನನ್ನ ತಂಗಿ ಕಲಿಯಲಿ, ಅದು ಅವಳ ಕಸುಬಿನ ಭಾಗ. ಆದರೆ ಆ ಕನ್ನಡವೂ ಒಂದು ವೇಷ ಎಂದು ತಿಳಿದು ಕಲಿಯಲಿ. ಬೆಂಗಳೂರಿನ ಕಲಾವಿದರು ಹಳ್ಳಿಯ ಪಾತ್ರಕ್ಕೆ ನಮ್ಮ ಮಾತನ್ನು ಅರ್ಧಂಬರ್ಧ ಅನುಕರಿಸಿದರೆ ಅದು ‘ಪ್ರತಿಭೆ’. ನಾವು ಅವರ ಮಾತನ್ನು ಮುಕ್ಕಾಲು ಪಾಲು ಕಲಿತರೂ ಅದು ‘ದೋಷ’. ಈ ತಕ್ಕಡಿ ಸರಿಯಿಲ್ಲ ಅನ್ನುವುದೇ ನನ್ನ ತಕರಾರು.

ಇನ್ನೊಂದು ಮಾತು. ಏರಿಳಿತ ತಪ್ಪದ, ಊರಿನ ಗುರುತಿಲ್ಲದ ಪುಸ್ತಕದ ಕನ್ನಡವನ್ನು ಈಗ ಯಂತ್ರವೇ ಓದುತ್ತದೆ. ಅದು ದಣಿಯುವುದಿಲ್ಲ, ದುಡ್ಡೂ ಕೇಳುವುದಿಲ್ಲ. ಊರಿನ ಗುರುತನ್ನೆಲ್ಲ ಉಜ್ಜಿ ಅಳಿಸಿಕೊಂಡು ಹೋದವರು ಕೊನೆಗೆ ಪೈಪೋಟಿಗೆ ನಿಲ್ಲಬೇಕಾಗಿರುವುದು ಆ ಯಂತ್ರದ ಜೊತೆಗೇ.

ಹಾಗಾಗಿ ಸ್ಟುಡಿಯೊಗಳಿಗೆ ನನ್ನ ಮಾತಿಷ್ಟು: ಆಡಿಷನ್‌ಗೆ ಕರೆದರೆ ಬಸ್ ಚಾರ್ಜಾದರೂ ಕೊಡಿ, ದನಿ ಕೊಟ್ಟವರ ಹೆಸರು ಪರದೆಯ ಮೇಲೆ ಹಾಕಿ, ನಾಯಕಿಗೂ ಒಮ್ಮೆ ಚಾಮರಾಜನಗರದ ಕನ್ನಡ ಆಡಿಸಿ ನೋಡಿ. ಚಾನೆಲ್ ನಡೆಸುತ್ತಿರುವ ಗೆಳೆಯ ಗೆಳತಿಯರಿಗೆ: ಅದು ನಿಮ್ಮದೇ ಜಗಲಿ. ಅಲ್ಲಿ ನಿಮ್ಮೂರಿನ ಕತೆಯನ್ನು ನಿಮ್ಮೂರಿನ ಬಾಯಲ್ಲೇ ಹೇಳಿ. ಅವಕಾಶ ಬಂದರೆ ಬರಲಿ. ಬರದಿದ್ದರೂ ನೀವು ಮಾಡಿದ್ದು ಅಲ್ಲಿರುತ್ತದೆ.

ನನ್ನ ತಂಗಿ ಕಳೆದ ತಿಂಗಳು ಅಜ್ಜಿ ಹೇಳುತ್ತಿದ್ದ ಕತೆಯೊಂದನ್ನು ಅಜ್ಜಿಯ ಮಾತಿನಲ್ಲೇ ಓದಿ ಹಾಕಿದಳು. ನೋಡಿದವರು ಇನ್ನೂರು ಜನವೂ ಇಲ್ಲ. ಅಜ್ಜಿಗೆ ಕೇಳಿಸಿದೆವು. ಈ ಸಲ ಯಾರ ದನಿ ಅಂತ ಕೇಳಲಿಲ್ಲ. ‘ಅಲ್ಲೊಂದು ಮಾತ ಬುಟ್ಬುಟ್ಟಿದ್ದೀಯಲ್ಲವ್ವ’ ಅಂದರು.