ಸೀಟು ಹಿಡಿಯುವ ಮೊದಲು ಶಾಖೆಯ ಮಾನ್ಯತೆ ಕೇಳಿ

ಕುವೈತಿನಲ್ಲಿರುವ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮನೆಗಳ ತಂದೆ-ತಾಯಂದಿರಲ್ಲಿ ಒಂದು ಮನವಿ



ಹನ್ನೆರಡನೇ ತರಗತಿಯ ಫಲಿತಾಂಶ ಹತ್ತಿರ ಬಂತೆಂದರೆ ಸಾಲ್ಮಿಯಾ, ಅಬ್ಬಾಸಿಯಾ, ಮಂಗಾಫ್, ಫಹಾಹೀಲ್‌ನ ನಮ್ಮ ಮನೆಗಳಲ್ಲೆಲ್ಲ ಒಂದೇ ಮಾತು: ಎಲ್ಲಿ ಸೀಟು, ಎಷ್ಟು ಫೀಸು? ಮೈಸೂರೋ ಮಂಗಳೂರೋ ಬೆಂಗಳೂರೋ ಎಂದು ರಾತ್ರಿಯಿಡೀ ಫೋನು. ಕಾಲೇಜಿನ ಕಟ್ಟಡ, ಹಾಸ್ಟೆಲಿನ ಊಟ, ಪ್ಲೇಸ್‌ಮೆಂಟಿನ ಪೋಸ್ಟರ್ ಎಲ್ಲವನ್ನೂ ವಿಚಾರಿಸುತ್ತೇವೆ. ಮಗ ಅಥವಾ ಮಗಳು ಸೇರುವ ಆ ಒಂದು ಶಾಖೆಗೆ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಇದೆಯೇ, ಇದ್ದರೆ ಯಾವ ವರ್ಷದ ತನಕ ಎಂದು ಕೇಳುವವರು ಮಾತ್ರ ಕಡಿಮೆ.

ನಮ್ಮ ಮಾತು ನೇರವಾಗಿದೆ. ಈ ಪ್ರಶ್ನೆಗೆ ಬರಹದಲ್ಲಿ ಉತ್ತರ ಬರುವ ತನಕ ಯಾವ ಕಾಲೇಜಿಗೂ ಒಂದು ದಿನಾರ್ ಕಳಿಸಬೇಡಿ. ಸೇರಿದ ಮೇಲೆ, ಪದವಿಗೆ ಬೇಕಾದ ಕ್ರೆಡಿಟ್ಟುಗಳ ಲೆಕ್ಕವನ್ನು ಮೊದಲ ಸೆಮಿಸ್ಟರಿನಿಂದಲೇ ಇಟ್ಟುಕೊಳ್ಳಿ. ಎಂಟನೇ ಸೆಮಿಸ್ಟರಿಗೆ ಬಂದು ಲೆಕ್ಕ ಹಾಕುವವರಿಗೆ ಆಗ ಮಾಡಲು ಉಳಿದಿರುವುದು ಬಹಳ ಕಡಿಮೆ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ 2018. ಆ ವರ್ಷ ಇಲ್ಲಿನ ಮಾನವಶಕ್ತಿ ಪ್ರಾಧಿಕಾರವು ಇಂಜಿನಿಯರ್ ಹುದ್ದೆಯ ಇಖಾಮಾ (ವಾಸದ ಪರವಾನಗಿ) ನವೀಕರಣಕ್ಕೆ ಕುವೈತ್ ಸೊಸೈಟಿ ಆಫ್ ಇಂಜಿನಿಯರ್ಸ್‌ನ ಎನ್‌ಒಸಿಯನ್ನು ಕಡ್ಡಾಯ ಮಾಡಿತು. ಭಾರತದ ಪದವಿಗಳಿಗೆ ಸೊಸೈಟಿ ಹಿಡಿದ ಅಳತೆಗೋಲು ಎನ್‌ಬಿಎ. ಅಹ್ಮದಿ, ಶುಐಬಾ ಕಡೆಯ ಸೈಟುಗಳಲ್ಲಿ ಹದಿನೈದು, ಇಪ್ಪತ್ತು ವರ್ಷ ಕೈ ಪಳಗಿಸಿಕೊಂಡವರು ಕೂಡ ಕೌಂಟರಿನಿಂದ ಬರಿಗೈಯಲ್ಲಿ ವಾಪಸಾದರು. ಕೆಲಸಕ್ಕೆ ಯಾವ ಕೊರತೆಯೂ ಇರಲಿಲ್ಲ, ಕಂಪನಿಗೂ ಅವರು ಬೇಕಾಗಿತ್ತು; ಆದರೆ ಅವರ ಕಾಲೇಜಿನ ಹೆಸರು ಪಟ್ಟಿಯಲ್ಲಿರಲಿಲ್ಲ. ಎಷ್ಟೋ ಮಂದಿ ವರ್ಕ್ ಪರ್ಮಿಟ್ಟಿನಲ್ಲಿ ಇಂಜಿನಿಯರ್ ಎಂಬುದನ್ನು ತೆಗೆಸಿ ಸೂಪರ್‌ವೈಸರ್ ಎಂದೋ ಟೆಕ್ನೀಷಿಯನ್ ಎಂದೋ ಬರೆಸಿಕೊಂಡು ಉಳಿದರು. ಬೆಳಿಗ್ಗೆ ಎದ್ದು ಮಾಡುವುದು ಅದೇ ಕೆಲಸ, ಕಾಗದದಲ್ಲಿ ಮಾತ್ರ ಹುದ್ದೆ ಬೇರೆ. ವಿಷಯ ದೆಹಲಿಯ ಸಂಸತ್ತಿನಲ್ಲೂ ಪ್ರಸ್ತಾಪವಾಯಿತು. 2020ರಲ್ಲಿ ನಮ್ಮ ರಾಯಭಾರ ಕಚೇರಿ ಇಂಥವರ ಹೆಸರು ನೋಂದಾಯಿಸಿಕೊಳ್ಳಲು ಮುಂದಾಯಿತು.

ಆ ನಿಯಮದಲ್ಲಿ ಅನ್ಯಾಯವಿತ್ತು ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಎನ್‌ಬಿಎ ಹುಟ್ಟಿದ್ದೇ 1994ರಲ್ಲಿ, ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಾದ ಎಐಸಿಟಿಇಯ ಒಳಗೆ. ಅದು ಸ್ವತಂತ್ರ ಸಂಸ್ಥೆಯಾದದ್ದು 2010ರಲ್ಲಿ, ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯವಾದದ್ದು 2014ರಲ್ಲಿ. ಸುರತ್ಕಲ್‌ನ ಕಾಲೇಜು ಇನ್ನೂ ಕೆಆರ್‌ಇಸಿ ಆಗಿದ್ದಾಗ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಹುಟ್ಟುವ 1998ಕ್ಕೂ ಮೊದಲು, ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳ ಪದವಿ ಹಿಡಿದು ಇಲ್ಲಿಗೆ ಬಂದವರನ್ನು ಎನ್‌ಬಿಎ ಪತ್ರ ತನ್ನಿ ಎಂದರೆ ಅವರು ಎಲ್ಲಿಂದ ತಂದಾರು? ಆ ಹಿರಿಯರ ಪರವಾದ ವಾದ ಮುಂದುವರಿಯಲೇಬೇಕು. ಆದರೆ ಈ ವರ್ಷ ಕಾಲೇಜು ಸೇರುವ ಮಕ್ಕಳಿಗೆ ಆ ವಾದ ಆಸರೆಯಾಗುವುದಿಲ್ಲ. ನಿಯಮ ಎಲ್ಲರಿಗೂ ಗೊತ್ತು, ಪಟ್ಟಿ ಎನ್‌ಬಿಎಯ ತಾಣದಲ್ಲೇ ಇದೆ. ನೋಡದೆ ಸೇರಿಸಿದರೆ ತಪ್ಪು ನಮ್ಮದೇ.

ಕಾಲೇಜಿನವರನ್ನು ಮಾನ್ಯತೆಯ ಬಗ್ಗೆ ಕೇಳಿದರೆ ಸಿಗುವ ಉತ್ತರಗಳು ಬಲು ಚಂದ. "ನಮ್ಮದು ನ್ಯಾಕ್ ಎ ಪ್ಲಸ್." ನ್ಯಾಕ್ ಅಳೆಯುವುದು ಇಡೀ ಸಂಸ್ಥೆಯನ್ನು, ಎನ್‌ಬಿಎ ಅಳೆಯುವುದು ಒಂದೊಂದು ಶಾಖೆಯನ್ನು. "ಎಐಸಿಟಿಇ ಅನುಮೋದನೆ ಇದೆ." ಅದು ಕಾಲೇಜು ನಡೆಸಲು ಬೇಕಾದ ಪರವಾನಗಿ, ಗುಣಮಟ್ಟದ ಮುದ್ರೆಯಲ್ಲ. "ಎನ್‌ಬಿಎ ಇದೆ ಸಾರ್." ಯಾವ ಶಾಖೆಗೆ? ಒಂದೇ ಕಟ್ಟಡದಲ್ಲಿ ಮೆಕ್ಯಾನಿಕಲ್‌ಗೆ ಇದ್ದು ಪಕ್ಕದ ಸಿವಿಲ್‌ಗೆ ಇಲ್ಲದಿರಬಹುದು. ಮಾನ್ಯತೆ ಶಾಶ್ವತವೂ ಅಲ್ಲ. ಮೂರು ವರ್ಷಕ್ಕೋ ಆರು ವರ್ಷಕ್ಕೋ ಕೊಡುತ್ತಾರೆ, ಆಮೇಲೆ ಮತ್ತೆ ಪರಿಶೀಲನೆ. ಹಾಗಾಗಿ ಸೇರುವ ವರ್ಷದ ಜೊತೆಗೆ ಪಾಸಾಗಿ ಹೊರಬರುವ ವರ್ಷವನ್ನೂ ಕೇಳಬೇಕು. ಅವಧಿ ನಡುವೆ ಮುಗಿಯುವುದಾದರೆ ನವೀಕರಣಕ್ಕೆ ಅರ್ಜಿ ಹಾಕುವುದು ಯಾವಾಗ ಎಂದೂ ಕೇಳಿ. ಈ ಪ್ರಶ್ನೆಗೆ ಸಿಡುಕುವ ಅಡ್ಮಿಷನ್ ಆಫೀಸನ್ನು ಅಲ್ಲಿಗೇ ಬಿಟ್ಟುಬಿಡುವುದು ಲೇಸು.

ಇನ್ನೊಂದು ಸೂಕ್ಷ್ಮ. ಎನ್‌ಬಿಎಯಲ್ಲಿ ಟಿಯರ್-1, ಟಿಯರ್-2 ಎಂಬ ಎರಡು ಗುಂಪುಗಳಿವೆ. ವಿಶ್ವವಿದ್ಯಾಲಯಗಳು, ಸ್ವಾಯತ್ತ ಕಾಲೇಜುಗಳು ಮೊದಲನೆಯದಕ್ಕೆ ಸೇರುತ್ತವೆ. ಸ್ವಾಯತ್ತತೆ ಇಲ್ಲದ ಸಂಯೋಜಿತ ಕಾಲೇಜುಗಳು ಎರಡನೆಯದಕ್ಕೆ. ವಾಷಿಂಗ್ಟನ್ ಒಪ್ಪಂದದ ಲಾಭ ಟಿಯರ್-1 ಶಾಖೆಗಳಿಗೆ ಮಾತ್ರ. ಮಗಳಿಗೆ ನಾಳೆ ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋಗಿ ಇಂಜಿನಿಯರ್ ಎಂದು ನೋಂದಾಯಿಸಿಕೊಳ್ಳುವ ಆಸೆಯಿದ್ದರೆ ಇದನ್ನು ಈಗಲೇ ನೋಡಬೇಕು.

ಎಲ್ಲರೂ ಮುಗಿಬೀಳುತ್ತಿರುವ ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್ ಶಾಖೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಯಾವುದೇ ಶಾಖೆ ಎನ್‌ಬಿಎಗೆ ಅರ್ಜಿ ಹಾಕಬೇಕಾದರೆ ಕನಿಷ್ಠ ಎರಡು ತಂಡ ಪದವಿ ಪಡೆದು ಹೊರಹೋಗಿರಬೇಕು. ಅಂದರೆ ಶಾಖೆ ಶುರುವಾಗಿ ಐದು ವರ್ಷವಾದರೂ ಆಗದೆ ಅರ್ಜಿಯ ಮಾತೇ ಇಲ್ಲ. ಮೊನ್ನೆ ಮೊನ್ನೆ ಬೋರ್ಡು ಹಾಕಿದ ಶಾಖೆಗೆ ಮಾನ್ಯತೆ ಇದೆ ಎಂದು ಯಾರಾದರೂ ಹೇಳಿದರೆ ಅದು ಪಕ್ಕದ ಕಂಪ್ಯೂಟರ್ ಸೈನ್ಸ್‌ನ ಮಾನ್ಯತೆಯಾಗಿರಬಹುದು. ಮಗುವಿಗೆ ಆ ವಿಷಯದ ಹುಚ್ಚಿದ್ದರೆ ಮಾನ್ಯತೆಯಿರುವ ಕಂಪ್ಯೂಟರ್ ಸೈನ್ಸ್‌ಗೆ ಸೇರಿ, ಐಚ್ಛಿಕ ವಿಷಯಗಳಲ್ಲಿ ಅದನ್ನೇ ಆರಿಸಿಕೊಳ್ಳಲಿ. ದಾರಿ ತುಸು ಸುತ್ತು, ಆದರೆ ಭದ್ರ.

ಡಿಪ್ಲೊಮಾ ಮುಗಿಸಿ ಇಲ್ಲಿ ಟೆಕ್ನೀಷಿಯನ್ ಆಗಿ ದುಡಿಯುತ್ತಿರುವ ತಮ್ಮಂದಿರಿಗೂ ಒಂದು ಮಾತು. ರಜೆಯಲ್ಲಿ ಪರೀಕ್ಷೆ ಬರೆದರೆ ಸಾಕು, ಬಿ.ಟೆಕ್ ಕೈಗೆ ಬರುತ್ತದೆ ಎನ್ನುವ ಏಜೆಂಟರು ಗಲ್ಫಿನಲ್ಲಿ ಎಂದೂ ಕಡಿಮೆಯಾಗಿಲ್ಲ. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ದೂರಶಿಕ್ಷಣದ ಇಂಜಿನಿಯರಿಂಗ್ ಬಗ್ಗೆ ತೀರ್ಪು ಕೊಟ್ಟಿದೆ. ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ 2001ರಿಂದ 2005ರ ನಡುವೆ ಸೇರಿದವರ ಪದವಿಗಳನ್ನು ಅಮಾನತಿನಲ್ಲಿಟ್ಟು, ಎಐಸಿಟಿಇ ಪರೀಕ್ಷೆ ಪಾಸು ಮಾಡಿ ಎಂದಿತು. ಆಮೇಲೆ ಸೇರಿದವರ ಪದವಿಗಳು ರದ್ದಾದವು. ಸ್ವದೇಶದ ನ್ಯಾಯಾಲಯವೇ ಒಪ್ಪದ ಕಾಗದವನ್ನು ಕುವೈತಿನವರು ಒಪ್ಪುತ್ತಾರೆಯೇ? ಲ್ಯಾಟರಲ್ ಎಂಟ್ರಿಯಲ್ಲಿ ಮೂರನೇ ಸೆಮಿಸ್ಟರಿಗೆ ಸೇರಿ ಮೂರು ವರ್ಷ ಕೂತು ಓದುವುದು ಕಷ್ಟ ನಿಜ, ಸಂಬಳವೂ ನಿಲ್ಲುತ್ತದೆ. ಆದರೂ ಪದವಿ ಬೇಕೇ ಬೇಕೆಂದರೆ ಓದಬೇಕಾದ ರೀತಿ ಅದು.

ಇನ್ನು ಸೇರಿದ ಮೇಲಿನ ಲೆಕ್ಕ. ವಿಟಿಯುವಿನ 2018ರ ಸ್ಕೀಮಿನಲ್ಲಿ ಪದವಿಗೆ 175 ಕ್ರೆಡಿಟ್ ಬೇಕಾಗಿತ್ತು, 2022ರ ಸ್ಕೀಮಿನಲ್ಲಿ 160. ಅಣ್ಣ ಓದಿದ ಸ್ಕೀಮು ಬೇರೆ, ತಂಗಿಯದು ಬೇರೆ. ಅಣ್ಣನ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸುವಂತಿಲ್ಲ. ತನ್ನ ಸ್ಕೀಮಿನ ಹಾಳೆಯನ್ನು ಇಳಿಸಿಕೊಂಡು, ಪ್ರತಿ ಸೆಮಿಸ್ಟರಿನ ಫಲಿತಾಂಶ ಬಂದಾಗ ಸಿಕ್ಕ ಕ್ರೆಡಿಟ್ಟಿಗೆ ಗುರುತು ಹಾಕುತ್ತ ಹೋಗಬೇಕು. ಕ್ರೆಡಿಟ್ಟಿಗೆ ಸೇರದಿದ್ದರೂ ಪದವಿಯನ್ನು ತಡೆಯುವ ವಿಷಯಗಳಿವೆ. ಎನ್‌ಎಸ್‌ಎಸ್, ದೈಹಿಕ ಶಿಕ್ಷಣ ಅಥವಾ ಯೋಗ ಅಂಥದ್ದು. ಎಲ್ಲಕ್ಕಿಂತ ಹೆಚ್ಚು ನಮ್ಮ ಮಕ್ಕಳು ಮುಗ್ಗರಿಸುವುದು ಆಕ್ಟಿವಿಟಿ ಪಾಯಿಂಟ್‌ನಲ್ಲಿ. ನಾಲ್ಕು ವರ್ಷದಲ್ಲಿ ನೂರು ಪಾಯಿಂಟು ಗಳಿಸಬೇಕು; ಊರ ಕೆರೆ, ಶಾಲೆ, ಕಸ ನಿರ್ವಹಣೆ ಮುಂತಾದ ಸಮಾಜದ ಕೆಲಸಗಳು ಇದಕ್ಕೆ ಸೇರುತ್ತವೆ. ಇದರಿಂದ ಸಿಜಿಪಿಎ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆದರೆ ಪಾಯಿಂಟು ತುಂಬುವ ತನಕ ಎಂಟನೇ ಸೆಮಿಸ್ಟರಿನ ಗ್ರೇಡ್ ಕಾರ್ಡ್ ಕೊಡುವುದಿಲ್ಲ. ಊರಿನ ಮಕ್ಕಳು ರಜೆಯಲ್ಲಿ ಇದನ್ನು ಮಾಡಿ ಮುಗಿಸುವಾಗ ನಮ್ಮ ಮಕ್ಕಳು ಕುವೈತಿನ ವಿಮಾನ ಹತ್ತಿರುತ್ತಾರೆ.

ಆ ವಿಮಾನ ಹತ್ತದೆ ವಿಧಿಯೂ ಇಲ್ಲ. ಕುಟುಂಬದ ಅವಲಂಬಿತರಿಗೆ ಕೊಡುವ ಆರ್ಟಿಕಲ್ 22ರ ಇಖಾಮಾದಲ್ಲಿರುವವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯವಾಗಿ ಅದು ರದ್ದಾಗುತ್ತದೆ. ಇತ್ತ ವಿಟಿಯು ಪ್ರತಿ ವಿಷಯದಲ್ಲೂ ಶೇಕಡಾ 85 ಹಾಜರಾತಿ ಕೇಳುತ್ತದೆ. ಸೆಮಿಸ್ಟರಿನ ನಡುವೆ ಇಖಾಮಾ ಉಳಿಸಿಕೊಳ್ಳಲೆಂದು ಹತ್ತು ದಿನ ಬಂದು ಹೋದರೆ ಹಾಜರಾತಿ ಕುಸಿಯುತ್ತದೆ; ಮಿತಿಗಿಂತ ಕೆಳಗಿಳಿದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಟಿಕೆಟ್ ಅಗ್ಗವಾದ ದಿನ ನೋಡಿ ಬುಕ್ ಮಾಡುವ ಅಭ್ಯಾಸ ಬಿಡಿ. ವಿಶ್ವವಿದ್ಯಾಲಯದ ಕ್ಯಾಲೆಂಡರನ್ನೂ ಇಖಾಮಾದ ದಿನಾಂಕವನ್ನೂ ಒಟ್ಟಿಗೆ ಇಟ್ಟುಕೊಂಡು ವರ್ಷದ ಪ್ರಯಾಣ ಗೊತ್ತು ಮಾಡಿ.

ನಗು ಬರಿಸುವ ಸಂಗತಿಯೂ ಒಂದಿದೆ. ಮೊದಲ ವರ್ಷದಲ್ಲೇ ಕನ್ನಡದ ಒಂದು ಕ್ರೆಡಿಟ್ ಬರುತ್ತದೆ: ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ. ಇಲ್ಲಿ ಶಾಲೆಯಲ್ಲಿ ಹಿಂದಿಯೋ ಫ್ರೆಂಚೋ ತೆಗೆದುಕೊಂಡು, ಮನೆಯಲ್ಲಿ ಅಜ್ಜಿಯ ಜೊತೆ ಸೊಗಸಾಗಿ ಕನ್ನಡ ಮಾತಾಡುವ ಹುಡುಗ ಅಲ್ಲಿ ಬಾರದವರ ಸಾಲಿನಲ್ಲಿ ಕೂರುತ್ತಾನೆ. ಶುಕ್ರವಾರ ಒಂದು ಗಂಟೆ ಅಕ್ಷರ ಕಲಿಸಿದ್ದರೆ ಸಾಕಿತ್ತು.

ಪಾಠಗಳನ್ನು ಬರೀ ಅಂಕಕ್ಕಾಗಿ ಓದುವ ಮಕ್ಕಳಿಗೆ ಒಂದು ಸೂಚನೆ. ಪ್ರಶ್ನೆಪತ್ರಿಕೆಯ ಬಲಬದಿಯಲ್ಲಿ ಅಂಕದ ಪಕ್ಕ ಎಲ್3, ಸಿಒ2 ಎಂಬಂಥ ಗುರುತುಗಳಿರುತ್ತವಲ್ಲ, ಅವು ಅಲಂಕಾರಕ್ಕಲ್ಲ. ಆ ಪ್ರಶ್ನೆ ಯಾವ ಮಟ್ಟದ ಯೋಚನೆಯನ್ನು, ಪಠ್ಯದ ಯಾವ ಗುರಿಯನ್ನು ಪರೀಕ್ಷಿಸುತ್ತದೆ ಎಂದು ಅವು ಹೇಳುತ್ತವೆ. ಎನ್‌ಬಿಎ ತಂಡ ಬಂದಾಗ ತೂಗಿ ನೋಡುವುದರಲ್ಲಿ ಅವೂ ಸೇರಿವೆ. ಆದ್ದರಿಂದ ಪ್ರಾಜೆಕ್ಟ್ ವರದಿಯನ್ನು ಅಂಗಡಿಯಲ್ಲಿ ಕೊಂಡು ತಂದವನು ತನ್ನ ಶಾಖೆಯ ಮಾನ್ಯತೆಯ ಬುಡಕ್ಕೇ ಕೊಡಲಿ ಹಾಕುತ್ತಾನೆ.

ಕೊನೆಗೆ ಕಾಗದಪತ್ರ. ಕುವೈತ್ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿಲ್ಲ. ಹಾಗಾಗಿ ಪದವಿ ಪತ್ರಕ್ಕೆ ಕರ್ನಾಟಕ ಸರ್ಕಾರದ ದೃಢೀಕರಣ, ದೆಹಲಿಯ ವಿದೇಶಾಂಗ ಸಚಿವಾಲಯದ ಮುದ್ರೆ, ಕುವೈತ್ ರಾಯಭಾರ ಕಚೇರಿಯ ಮುದ್ರೆ, ಇಲ್ಲಿಗೆ ಬಂದ ಮೇಲೆ ಇಲ್ಲಿನ ವಿದೇಶಾಂಗ ಸಚಿವಾಲಯದ್ದು, ಇಷ್ಟೂ ಬೇಕು. ಇದರ ನಡುವೆ ಕಾಡುವುದು ಹೆಸರು. ಹತ್ತನೇ ತರಗತಿಯ ಪತ್ರದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಸಿವಿಲ್ ಐಡಿಯಲ್ಲಿ ಅರಬ್ಬಿಗೆ ಹೊಂದಿದ ಇನ್ನೊಂದು ರೂಪ. ಮೂರೂ ಹೊಂದದಿದ್ದರೆ ಪದವಿ ಯಾರದು ಎಂಬ ಪ್ರಶ್ನೆ ಏಳುತ್ತದೆ. ಕಾಲೇಜಿಗೆ ಹೆಸರು ಬರೆಸುವ ಮೊದಲೇ ಇದನ್ನು ಸರಿಮಾಡಿಸಿ. ಆಮೇಲೆ ಅಫಿಡವಿಟ್ಟು, ಪತ್ರಿಕಾ ಪ್ರಕಟಣೆ ಎಂದು ಅಲೆದಾಟ ತಪ್ಪದು.

ಇಲ್ಲಿನ ಕನ್ನಡ, ತುಳು ಸಂಘಟನೆಗಳಲ್ಲಿ ನಮ್ಮ ಕೋರಿಕೆ ಇಷ್ಟು. ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸುತ್ತೀರಿ, ಸಂತೋಷ. ಪ್ರತಿ ವರ್ಷ ಏಪ್ರಿಲಿನಲ್ಲಿ ಒಂದು ಶುಕ್ರವಾರ ಸಂಜೆ, ಇದೇ ಊರಿನ ಇಂಜಿನಿಯರುಗಳನ್ನು ಕೂರಿಸಿ ಹನ್ನೆರಡನೇ ತರಗತಿಯ ಮಕ್ಕಳ ಕಾಲೇಜು ಪಟ್ಟಿಯನ್ನು ಎನ್‌ಬಿಎ ಪಟ್ಟಿಯ ಜೊತೆ ತಾಳೆ ನೋಡುವ ಏರ್ಪಾಡು ಮಾಡಿ. ಇದಕ್ಕೆ ಸಭಾಂಗಣ ಬೇಡ, ವೇದಿಕೆ ಬೇಡ, ಒಂದು ಮನೆಯ ಹಾಲ್ ಸಾಕು. 2018ರಲ್ಲಿ ಪೆಟ್ಟು ತಿಂದವರು ಈ ಕೆಲಸಕ್ಕೆ ಖಂಡಿತ ಬರುತ್ತಾರೆ.

ತಂದೆ-ತಾಯಂದಿರೇ, ನಿಮ್ಮ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಇಂದೇ ಇಮೇಲ್ ಬರೆಯಿರಿ. ಶಾಖೆಯ ಹೆಸರು, ಎನ್‌ಬಿಎ ಅವಧಿ, ಟಿಯರ್, ಪತ್ರದ ಪ್ರತಿ, ಈ ನಾಲ್ಕನ್ನು ಕೇಳಿ. ಉತ್ತರ ಬಾರದ ಕಾಲೇಜಿನ ಹೆಸರಿಗೆ ಗೀಟು ಹಾಕಿ. ಈ ಹಾಳೆಯನ್ನು ಓದಿದ ಮೇಲೆ ಹನ್ನೆರಡನೇ ತರಗತಿಯ ಮಗುವಿರುವ ಇನ್ನೊಂದು ಮನೆಗೆ ತಲುಪಿಸಿ.