ಅವರಿವರ ಮಾತು, ತನ್ನ ವಿಶ್ವಾಸ

ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಸಮಾರ್ಯದ ಹೆಂಗಸಿನ ಕಥೆಯನ್ನು ಸಂಡೇ ಸ್ಕೂಲಿನ ಮಕ್ಕಳೂ ಹೇಳುತ್ತಾರೆ. ನೀರಿಗೆ ಬಂದವಳು ಬಾವಿಯ ಹತ್ತಿರ ಯೇಸುವಿನೊಡನೆ ಮಾತಾಡಿ, ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಹೋಗಿ ಜನರನ್ನು ಕರೆದಳು. ಹೆಚ್ಚಿನ ಪ್ರಸಂಗಗಳು ಇಲ್ಲಿಗೆ ಮುಗಿಯುತ್ತವೆ. ಮುಂದಿನ ಸಂಗತಿ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಯೇಸು ಆ ಊರಲ್ಲಿ ಎರಡು ದಿನ ಉಳಿದ ಮೇಲೆ ಊರವರು ಅವಳಿಗೆ, ಇನ್ನು ನಿನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ, ನಾವೇ ಕಿವಿಯಾರೆ ಕೇಳಿದ್ದೇವೆ ಎಂಬರ್ಥದಲ್ಲಿ ಹೇಳುತ್ತಾರೆ. ಕರೆತಂದವಳನ್ನೇ ಬದಿಗೆ ಸರಿಸಿದ ಹಾಗೆ ಕೇಳುತ್ತದೆ ಆ ಮಾತು. ಸುವಾರ್ತೆ ಬರೆದವನು ಮಾತ್ರ ಅದನ್ನು ತಪ್ಪೆಂದು ಬಗೆದಿಲ್ಲ. ಅಧ್ಯಾಯದ ಫಲವೇ ಅದು ಎನ್ನುವಂತೆ ದಾಖಲಿಸಿದ್ದಾನೆ.

1883ರಲ್ಲಿ ಲಂಡನ್ನಿನ ಫುಲಂನಲ್ಲಿ ಇದೇ ಅಧ್ಯಾಯವನ್ನು ಒಬ್ಬ ಸಿಸ್ಟರ್ ಇಪ್ಪತ್ತೈದು ವರ್ಷದ ವಿಧವೆಯೊಬ್ಬರಿಗೆ ಓದಿ ಹೇಳಿದರು. ಸಮಾಜ ‘ಕೆಟ್ಟವರು’ ಎಂದು ಹೊರಗಿಟ್ಟ ಹೆಣ್ಣುಮಕ್ಕಳನ್ನು ಸಲಹುವ ಮನೆಯೊಂದರಲ್ಲಿ ನಡೆದ ಸಂಗತಿ ಇದು. ಇಂಥವರನ್ನು ಆದರಿಸುವ ಬುದ್ಧಿ ನಿಮಗೆ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ ಈ ಕಥೆ. ಕೇಳಿದವರು ಪಂಡಿತಾ ರಮಾಬಾಯಿ.

ರಮಾಬಾಯಿ ನಮ್ಮ ನೆಲದವರು. ಕಾರ್ಕಳ ಸೀಮೆಯ ಮಾಳದ ಡೋಂಗ್ರೆ ಮನೆತನ. ಹುಟ್ಟಿದ್ದು 1858ರಲ್ಲಿ, ಘಟ್ಟದ ಮೇಲಣ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ಸಮರ್ಥಿಸಿಕೊಳ್ಳಬೇಕಾಯಿತು. ಆ ತಾಯಿಯೇ ಮಗಳಿಗೆ ಭಾಗವತ ಬಾಯಿಪಾಠ ಮಾಡಿಸಿದವರು. ಊರೂರು ಅಲೆದು ಪುರಾಣ ಹೇಳುತ್ತಿದ್ದ ಆ ಸಂಸಾರ 1870ರ ದಶಕದ ಬರಗಾಲದಲ್ಲಿ ನೆಲಕಚ್ಚಿತು. ದಾನ, ವ್ರತ, ತೀರ್ಥಸ್ನಾನ ಎಲ್ಲ ಮುಗಿಸಿ ಕೈ ಬರಿದಾದಾಗ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅಣ್ಣನೊಡನೆ ನಡೆದು ನಡೆದು 1878ರಲ್ಲಿ ಕಲ್ಕತ್ತೆ ಸೇರಿದ ಈ ಹುಡುಗಿಗೆ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂದು ಬಿರುದು ಕೊಟ್ಟರು. ಹೆಂಗಸು ವೇದ ಓದಬಾರದೆಂದು ಕೇಳಿಕೊಂಡೇ ಬೆಳೆದಿದ್ದ ಅವರ ಕೈಗೆ ವೇದ ಕೊಟ್ಟು ಓದೆಂದವರು ಕೇಶವಚಂದ್ರ ಸೇನ್. ಮುಂದೆ ಮದುವೆಯಾಗಿ ಅಸ್ಸಾಮಿನಲ್ಲಿದ್ದಾಗ ಗಂಡನ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತು. ಗಂಡ ಬಿಪಿನ್ ಬಿಹಾರಿಗೆ ಅದು ಹಿಡಿಸಲಿಲ್ಲ. 1882ರಲ್ಲಿ ಆತ ತೀರಿಕೊಂಡರು.

ವೈದ್ಯಕೀಯ ಕಲಿಯಲೆಂದು ಮಗಳು ಮನೋರಮೆಯನ್ನು ಎತ್ತಿಕೊಂಡು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದ್ದರಿಂದ ಆ ಓದು ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸಿಸ್ಟರುಗಳ ಆಶ್ರಯದಲ್ಲಿದ್ದಾಗ, 1883ರ ಸೆಪ್ಟೆಂಬರ್ 29ರಂದು, ದೀಕ್ಷಾಸ್ನಾನ ಪಡೆದರು. ಕ್ರಿಸ್ತಾನರನ್ನು ಖಂಡಿಸಲು ಹೊರಟು ತಾನೇ ಕ್ರಿಸ್ತನನ್ನು ಒಪ್ಪಿದ್ದ ನೆಹೆಮಿಯಾ ಗೋರೆಯವರ ಬರಹ ಅವರ ಕೆಲವು ಶಂಕೆಗಳನ್ನು ಕಳೆದಿತ್ತು.

ಜೀವನಚರಿತ್ರೆಗಳಲ್ಲಿ ಇಂಥ ಕಡೆ ಅಧ್ಯಾಯ ಮುಗಿಯುತ್ತದೆ. ರಮಾಬಾಯಿಯ ತಕರಾರು ಶುರುವಾದದ್ದೇ ಇಲ್ಲಿಂದ. ಅವರಿಗೂ, ಅವರು ‘ಅಜ್ಜಿ’ ಎಂದು ಕರೆಯುತ್ತಿದ್ದ ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್‌ಗೂ ನಡೆದ ಪತ್ರವ್ಯವಹಾರ ಇಂದಿಗೂ ಬಿಸಿ ಆರದ ಓದು. ತ್ರಿತ್ವವನ್ನು ಹೇಗೆ ಒಪ್ಪಲಿ? ಸಭೆ ಹೇಳುತ್ತದೆ ಎಂಬುದಷ್ಟೇ ಸಾಕೆ, ಸತ್ಯವೇದದಲ್ಲಿ ಎಲ್ಲಿದೆ ತೋರಿಸಿ. ಕೊರಳಿಗೆ ಹಾಕಿಕೊಳ್ಳಬೇಕಾದ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ನಮ್ಮ ಸಂಸ್ಕೃತಕ್ಕಿಂತ ಅದರಲ್ಲೇನು ಹೆಚ್ಚಿನ ಪಾವಿತ್ರ್ಯ? ಮೊಟ್ಟೆ ಹಾಕಿದ ಪುಡಿಂಗನ್ನು ರಮಾಬಾಯಿ ಮುಟ್ಟಲಿಲ್ಲವೆಂಬುದೂ ಸಿಸ್ಟರ್‌ಗೆ ಅಹಂಕಾರದ ಲಕ್ಷಣವಾಗಿ ಕಂಡಿತು. ಹಿಂದೂಗಳ ನಡುವೆ ಬಂದು ನೆಲೆಸಿದ ಆಂಗ್ಲ ಹೆಂಗಸು ತನ್ನ ಊಟ ಬದಲಿಸದಿದ್ದರೆ ಅವಳನ್ನೂ ಹೀಗೇ ಅನ್ನುತ್ತೀರಾ ಎಂದು ಅವರು ತಿರುಗಿ ಕೇಳಿದರು. ಭಾರತದ ಪುರೋಹಿತರ ನೊಗವನ್ನು ಬಹಳ ಕಷ್ಟಪಟ್ಟು ಇಳಿಸಿದ್ದೇನೆ, ಅಂಥದೇ ಇನ್ನೊಂದಕ್ಕೆ ಹೆಗಲು ಕೊಡಲಾರೆ ಎಂದು ಬರೆದರು. ದೇವರ ಮಾತಿಗೆ ತಲೆಬಾಗುತ್ತೇನೆ, ಪಾದ್ರಿಯೊಬ್ಬರು ಹೇಳಿದ್ದೆಲ್ಲ ದೇವರ ಮಾತಲ್ಲ ಎಂಬುದು ಅವರ ಪಟ್ಟು.

ಚೆಲ್ಟನ್‌ಹ್ಯಾಮಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿದ್ದಾಗ ಗಂಡುಮಕ್ಕಳಿಗೂ ಪಾಠ ಹೇಳುವ ಮಾತು ಬಂತು. ಕೂಡದೆಂದು ಮುಂಬಯಿ ಮತ್ತು ಲಾಹೋರಿನ ಬಿಷಪ್ಪರಿಂದ ಆಕ್ಷೇಪ ಬಂತು. ತನ್ನ ತಂದೆಯಾಗಲಿ ಗಂಡನಾಗಲಿ ಎತ್ತದ ಆಕ್ಷೇಪವಿದು ಎಂದು ರಮಾಬಾಯಿಗೆ ಆಶ್ಚರ್ಯ. ಅಲ್ಲಿನ ಮುಖ್ಯಸ್ಥೆ ಡೊರೊತಿಯಾ ಬೀಲ್ ಮಾತ್ರ ಈ ಶಿಷ್ಯೆಯ ಸಂಶಯಗಳಿಗೆ ಬೆದರಲಿಲ್ಲ. ಪ್ರಶ್ನೆ ಕೇಳಲು ಬಿಟ್ಟರು, ಗೊತ್ತಿದ್ದಷ್ಟು ಉತ್ತರಿಸಿದರು, ಕಾದರು. ಇಡೀ ಪತ್ರಸಂಪುಟದಲ್ಲಿ ನಮಗೆ ತುಂಬ ಹಿಡಿಸಿದ ಗುರು ಆಕೆಯೇ.

ದೀಕ್ಷಾಸ್ನಾನವಾಗಿ ಎಂಟು ವರ್ಷದ ಮೇಲೆ ಇನ್ನೊಂದು ತಿರುವು. ವಿಲಿಯಂ ಹಾಸ್ಲಮ್ ಎಂಬ ಆಂಗ್ಲ ಪಾದ್ರಿಯ ಆತ್ಮಕಥೆ ಕೈಗೆ ಬಂತು. ಪುಲ್ಪಿಟ್ಟಿನಲ್ಲಿ ನಿಂತು ತಾನೇ ಪ್ರಸಂಗ ಮಾಡುತ್ತಿದ್ದಾಗ ಆ ಪಾದ್ರಿಗೆ ತನ್ನ ವಿಶ್ವಾಸ ಎಷ್ಟು ಮೇಲುಮೇಲಿನದು ಎಂದು ಹೊಳೆದು, ಅಲ್ಲೇ ಮನಸ್ಸು ತಿರುಗಿತ್ತಂತೆ. ಅದನ್ನು ಓದಿದ ರಮಾಬಾಯಿಗೆ ತಾನು ಈವರೆಗೆ ಕಂಡುಕೊಂಡದ್ದು ಕ್ರೈಸ್ತ ಮತವನ್ನೇ ಹೊರತು ಕ್ರಿಸ್ತನನ್ನಲ್ಲ ಎನ್ನಿಸಿತು. ವರ್ಷಗಟ್ಟಲೆ ಬಿಷಪ್ಪರೊಡನೆ, ಸಿಸ್ಟರುಗಳೊಡನೆ ವಾದ ಮಾಡಿದವರು ಹೀಗೆ ಬರೆದುಕೊಳ್ಳಲು ಸಂಕೋಚಪಡಲಿಲ್ಲ. ಆ ತಿಳಿವಿಗೂ ಇನ್ನೊಬ್ಬರ ಪುಸ್ತಕವೇ ನೆಪವಾದದ್ದನ್ನು ಮರೆಯಬಾರದು. ತಾಯಿ ಕಲಿಸಿದ ಸಂಸ್ಕೃತ, ಸೇನರು ಕೊಟ್ಟ ವೇದ, ಗಂಡನ ಕಪಾಟಿನ ಲೂಕ, ಗೋರೆಯವರ ವಾದ, ಹಾಸ್ಲಮ್ಮನ ಕಥೆ: ರಮಾಬಾಯಿಗೆ ಎಲ್ಲವೂ ಬೇರೆಯವರ ಕೈಯಿಂದಲೇ ಬಂದವು. ಯಾವುದನ್ನೂ ಅವರು ಪರೀಕ್ಷೆ ಮಾಡದೆ ಒಳಗೆ ಬಿಟ್ಟುಕೊಳ್ಳಲಿಲ್ಲ.

ಸ್ವಂತ ವಿಶ್ವಾಸ ಎಂದೊಡನೆ ‘ನನಗೆ ಅನ್ನಿಸಿದ್ದೇ ಧರ್ಮ’ ಎಂದು ಹಗುರಾಗಿ ಹೇಳುವವರಿದ್ದಾರೆ. ಅಂಥವರು ರಮಾಬಾಯಿ ಕಟ್ಟಿದ ಕೆಡಗಾಂವಿನ ಮುಕ್ತಿ ಮಿಷನ್ನಿನ ಮುದ್ರಣಾಲಯವನ್ನು ನೆನೆಯಬೇಕು. ಆಗ ಇದ್ದ ಮರಾಠಿ ಸತ್ಯವೇದದ ಭಾಷೆ ತನ್ನ ಆಶ್ರಮದ ಹೆಂಗಸರಿಗೆ ಅರ್ಥವಾಗದೆಂದು ರಮಾಬಾಯಿ ಹೀಬ್ರೂ, ಗ್ರೀಕ್ ಮೂಲಗಳನ್ನು ಎದುರಿಗಿಟ್ಟುಕೊಂಡು ಇಡೀ ಗ್ರಂಥವನ್ನು ಹೊಸದಾಗಿ ಅನುವಾದಿಸಿದರು. ಅಚ್ಚಿನ ಕೆಲಸಕ್ಕೆ ಆಶ್ರಮದ ಹೆಣ್ಣುಮಕ್ಕಳೇ ಕೂತರು. ಪೂರ್ತಿ ಗ್ರಂಥ ಹೊರಬಂದದ್ದು 1924ರಲ್ಲಿ, ಅವರು ತೀರಿಕೊಂಡು ಎರಡು ವರ್ಷವಾದ ಮೇಲೆ. ಇನ್ನೊಬ್ಬರ ಮಾತಿನ ಮೇಲೆ ನಂಬಲೊಲ್ಲದವರು ಪಡಬೇಕಾದ ಪಾಡು ಇಷ್ಟಿದೆ.

ಹಾಗೆಂದು ರಮಾಬಾಯಿಯ ಎಲ್ಲಕ್ಕೂ ನಮ್ಮ ಒಪ್ಪಿಗೆಯಿಲ್ಲ. ವಿಧವೆಯರ ಓದಿಗೆಂದು ಅವರು 1889ರಲ್ಲಿ ತೆರೆದ ಶಾರದಾ ಸದನದಲ್ಲಿ ಮತದ ವಿಷಯಕ್ಕೆ ಕೈಹಾಕುವುದಿಲ್ಲವೆಂದು ಮಾತಾಗಿತ್ತು. ರಮಾಬಾಯಿ ತನ್ನ ಕೋಣೆಯಲ್ಲಿ ಮಾಡುತ್ತಿದ್ದ ಪ್ರಾರ್ಥನೆಗೆ ವಿದ್ಯಾರ್ಥಿನಿಯರು ಬಂದು ಕೂರತೊಡಗಿದಾಗ ಪುಣೆ ಕೆರಳಿತು. ತಿಲಕರ ಕೇಸರಿ ಹರಿಹಾಯ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥವರೂ ಸಲಹಾ ಮಂಡಳಿಯಿಂದ ಹೊರನಡೆದರು. ನನ್ನ ಕೋಣೆಯ ಬಾಗಿಲನ್ನು ಯಾಕೆ ಮುಚ್ಚಲಿ ಎಂಬ ರಮಾಬಾಯಿಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮುಂದೆ ಬರಗಾಲದಿಂದ ಪಾರಾಗಿ ಮುಕ್ತಿಗೆ ಬಂದ ನೂರಾರು ಅನಾಥ ಹುಡುಗಿಯರಿಗೆ, ಅನ್ನ, ಅಕ್ಷರ, ಪ್ರಾರ್ಥನೆ ಮೂರೂ ಒಂದೇ ಕೈಯಿಂದ ಸಿಗುತ್ತಿದ್ದಾಗ, ರಮಾಬಾಯಿಗೆ ಚೆಲ್ಟನ್‌ಹ್ಯಾಮಿನಲ್ಲಿ ಸಿಕ್ಕಷ್ಟು ತಕರಾರಿನ ಸಲುಗೆ ಸಿಕ್ಕಿತೆ? ಅವರ ಅಭಿಮಾನಿಗಳಾದ ನಾವು ಕೇಳದಿದ್ದರೆ ಬೇರೆಯವರು ಕೆಟ್ಟದಾಗಿ ಕೇಳುತ್ತಾರೆ.

ನಮ್ಮ ಊರುಗಳ ಮಾತಿಗೆ ಬಂದರೆ, ತಲೆಮಾರುಗಳಿಂದ ಕ್ರೈಸ್ತರಾದ ಮನೆಗಳಲ್ಲಿ ತಕರಾರಿಗೆ ಎಡೆ ಇನ್ನೂ ಕಡಿಮೆ. ಹುಟ್ಟಿದಾಗ ರಿಜಿಸ್ಟರಿನಲ್ಲಿ ಹೆಸರು, ಹದಿನೈದಕ್ಕೆ ಕನ್ಫರ್ಮೇಶನ್ ಕ್ಲಾಸು, ಬಾಯಿಪಾಠ ಮಾಡಿದ ಪ್ರಶ್ನೋತ್ತರ. ಉತ್ತರದ ಜೊತೆಗೆ ಪ್ರಶ್ನೆಯನ್ನೂ ನಾವೇ ಬರೆದುಕೊಟ್ಟಿರುತ್ತೇವೆ. ಅದರಾಚೆಗೆ ಹುಡುಗಿಯೊಬ್ಬಳು ಏನಾದರೂ ಕೇಳಿದರೆ ಪಾಸ್ಟರರಿಗೆ ಹೇಳಿ ಪ್ರಾರ್ಥನೆ ಮಾಡಿಸುತ್ತಾರೆ, ಜ್ವರ ಬಂದವರಿಗೆ ಮಾಡಿಸಿದ ಹಾಗೆ. ಬೆಳಗೆದ್ದರೆ ಮೊಬೈಲಿನಲ್ಲಿ ಯಾವುದೋ ಊರಿನ ಪ್ರಸಂಗಿಯ ಎರಡು ನಿಮಿಷದ ತುಣುಕು, ಅದನ್ನೇ ಮೂರು ಗ್ರೂಪಿಗೆ ಕಳಿಸಿದರೆ ಅಂದಿನ ಭಕ್ತಿ ತೀರಿತು. ಬಿಟ್ಟುಹೋದವರ ಕಥೆಯೂ ಬೇರೆಯಲ್ಲ. ಸುವಾರ್ತೆಯ ಒಂದು ಪುಟ ತೆರೆಯದೆ, ಯಾರೋ ಬುದ್ಧಿವಂತರು ತಳ್ಳಿಹಾಕಿದರೆಂದು ತಾವೂ ತಳ್ಳಿಹಾಕಿದವರನ್ನು ನಾವು ಬಲ್ಲೆವು. ಅವರ ಅವಿಶ್ವಾಸವೂ ಎರವಲಿನದೇ. ಹೊರಗಿನಿಂದ ಕ್ರೈಸ್ತರ ಬಗ್ಗೆ ತೀರ್ಪು ಕೊಡುವವರಲ್ಲೂ ಪಕ್ಕದ ಮನೆಯ ಕ್ರೈಸ್ತರೊಡನೆ ಕೂತು ಮಾತಾಡಿದವರು ಕಡಿಮೆ.

ಸಿಸ್ಟರ್ ಜೆರಾಲ್ಡಿನ್‌ಗೆ ಈ ಶಿಷ್ಯೆಯ ಮೇಲೆ ಸಿಟ್ಟಿತ್ತು, ದುಃಖವಿತ್ತು. ಆದರೂ ತನ್ನನ್ನು ಎದುರು ಹಾಕಿಕೊಂಡು ಬರೆದ ಒಂದೊಂದು ಪತ್ರವನ್ನೂ ಜೋಪಾನವಾಗಿಟ್ಟು, ಜೋಡಿಸಿದವರು ಆಕೆಯೇ. ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ 1977ರಲ್ಲಿ ಮುಂಬಯಿಯಿಂದ ಆ ಪತ್ರಸಂಪುಟ ಇಂಗ್ಲಿಷಿನಲ್ಲಿ ಅಚ್ಚಾಯಿತು. ಮಾಳದ ಮನೆಮಗಳ ಈ ಮಾತುಗಳು ಕನ್ನಡದಲ್ಲೂ ಇರಬೇಕು. 1883ರಿಂದ 1886ರವರೆಗಿನ ಪತ್ರಗಳಲ್ಲಿ ಹತ್ತನ್ನಾದರೂ ಆಯ್ದು, ಸಿಸ್ಟರ್ ಬರೆದ ಉತ್ತರಗಳನ್ನೂ ಬಿಡದೆ, ಅನುವಾದಿಸಿ ಕಳಿಸುವವರಿದ್ದರೆ ಪುಟಗಳ ಲೆಕ್ಕ ನೋಡದೆ ಪ್ರಕಟಿಸುತ್ತೇವೆ. ಸಂಪಾದಕರ ವಿಳಾಸಕ್ಕೆ ಬರೆಯಿರಿ.