ಪರಭಾಷೆಯ ಕಲಿಕೆ: ಅಂಕಕ್ಕೋ ಅರಿವಿಗೋ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢಶಾಲಾ ಹಂತದಲ್ಲಿ ಕೊರಿಯನ್, ಜಪಾನಿ, ಫ್ರೆಂಚ್, ಜರ್ಮನ್, ರಷ್ಯನ್ ಮೊದಲಾದ ವಿದೇಶೀ ಭಾಷೆಗಳ ಕಲಿಕೆಗೆ ಅವಕಾಶ ನೀಡಿದೆ. ಇದು ಸ್ವಾಗತಾರ್ಹವೇ. ಆದರೆ ಹೊರನಾಡ ಕನ್ನಡಿಗರ ಮಟ್ಟಿಗೆ ಇಲ್ಲೊಂದು ತೊಡಕಿದೆ. ಮುಂಬಯಿ, ಪುಣೆಗಳ ಶಾಲೆಗಳಲ್ಲಿ ಇಂಗ್ಲಿಷ್, ಮರಾಠಿ, ಹಿಂದಿಗಳ ನಡುವೆ ಕನ್ನಡಕ್ಕೆ ಉಳಿಯುವ ಎಡೆಯೇ ಕಿರಿದು. ಅದನ್ನೂ ಅಂಕಗಳ ಆಸೆಯಿಂದ ಫ್ರೆಂಚಿಗೆ ಬಿಟ್ಟುಕೊಡುವ ಪಾಲಕರಿದ್ದಾರೆ. ಪರೀಕ್ಷೆಯೊಡನೆ ಮುಗಿಯುವ ಇಂಥ ಕಲಿಕೆಯಿಂದ ಮಗುವಿಗೆ ಫ್ರೆಂಚೂ ದಕ್ಕದು, ಕನ್ನಡವೂ ಉಳಿಯದು.

ಪರಭಾಷೆಯನ್ನು ಕಲಿಯುವುದೆಂದರೇನು ಎಂಬುದಕ್ಕೆ ನಿದರ್ಶನವನ್ನು ದೂರ ಅರಸಬೇಕಿಲ್ಲ. ಬಾಸೆಲ್ ಮಿಶನ್ನಿನ ಮೂಲಕ 1853ರಲ್ಲಿ ಭಾರತಕ್ಕೆ ಬಂದ ಜರ್ಮನಿಯ ಫರ್ಡಿನಾಂಡ್ ಕಿಟ್ಟೆಲ್ ಅವರು 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ನೀಡಿದರು. ಧರ್ಮಪ್ರಸಾರಕ್ಕೆಂದು ಆರಂಭವಾದ ಅವರ ಕಲಿಕೆ ಆ ಉದ್ದೇಶವನ್ನೂ ಮೀರಿ ಬೆಳೆಯಿತು. ನಾವಾದರೋ ರಷ್ಯನ್, ಫ್ರೆಂಚ್, ಜರ್ಮನ್ ಕೃತಿಗಳನ್ನು ಇಂದಿಗೂ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಪಡೆಯುತ್ತಿದ್ದೇವೆ.

ಈ ಕೊರತೆಯನ್ನು ತುಂಬಬಲ್ಲವರು ಕನ್ನಡವನ್ನೂ ವಿದೇಶೀ ಭಾಷೆಯೊಂದನ್ನೂ ಚೆನ್ನಾಗಿ ಬಲ್ಲವರು ಮಾತ್ರ. ಆದ್ದರಿಂದ ಶಾಲೆಯಲ್ಲಿ ಕನ್ನಡಕ್ಕೆ ಎಡೆಯಿಲ್ಲದಿದ್ದಲ್ಲಿ ಮನೆಯೂ ಕನ್ನಡ ಸಂಘಗಳೂ ಅದರ ಓದುಬರಹದ ಹೊಣೆ ಹೊರಬೇಕು; ಕನ್ನಡ ವಿಭಾಗಗಳು ತಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ವಿದೇಶೀ ಭಾಷೆಯೊಂದರ ಅಭ್ಯಾಸಕ್ಕೆ ತೊಡಗಿಸಬೇಕು. ಕನ್ನಡವನ್ನು ತೊರೆದು ಕಲಿತ ಪರಭಾಷೆಯಿಂದ ಕನ್ನಡಕ್ಕೆ ಬರುವುದೇನೂ ಇಲ್ಲ.